ಕಂಬದ ಹಿಂದಿನ ಕುರ್ಚಿ

ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಚಿಕ್ಕ ಟೀಚರ್ ಕತ್ತನ್ನು ಎಡಕ್ಕೆ ಚಾಚಿದಳು, ಬಲಕ್ಕೆ ಚಾಚಿದಳು, ಆಮೇಲೆ ಎದ್ದು ಪಕ್ಕದ ಕುರ್ಚಿಗೆ ಹೋಗಿ ಕೂತಳು. ಅಲ್ಲಿಂದಲೂ ಹಾಗೆಯೇ ನೋಡಿದಳು. ಶಾಲೆಯ ದೊಡ್ಡ ಹಾಲಿನಲ್ಲಿ ಇನ್ನೂ ಜನ ಸೇರಿರಲಿಲ್ಲ. ಮುಂದೆ, ಹೂವು ಹೊದ್ದ ಪೆಟ್ಟಿಗೆಯಲ್ಲಿ, ಟೀಚರುಗಳಿಗೆ ತರಬೇತಿ ಕೊಡುತ್ತಿದ್ದ ಕುರ್ಚಿಯಕ್ಕ ಮಲಗಿದ್ದಳು. ಈ ಹಾಲಿನಲ್ಲಿ ಯಾರಿಗೂ ಏನೂ ಹೇಳದೆ ಅವಳು ಸುಮ್ಮನಿದ್ದದ್ದು ಇದೇ ಮೊದಲು.

"ಏನಮ್ಮಾ ಇದು, ಕುರ್ಚಿ ಆಟ ಆಡ್ತಿದ್ದೀಯಾ?" ಎಂದು ಕೇಳಿದ ಕುರ್ಚಿಯಕ್ಕನ ಅಣ್ಣ. ಕೈಯಲ್ಲಿ ಮೈಕಿನ ವೈರು ಸುತ್ತಿಕೊಂಡು ನಿಂತಿದ್ದ. ಬಸ್ ಡಿಪೋದಲ್ಲಿ ಬಸ್ಸುಗಳು ಹೊರಡುವ ಹೊತ್ತು ಬರೆದುಕೊಂಡೇ ಆಯುಷ್ಯ ಕಳೆದವನು. ಕುರ್ಚಿ ಅಂದಮೇಲೆ ಬಸ್ಸಿನ ಸೀಟಿನ ಹಾಗೆ ಸಾಲಾಗಿರಬೇಕು, ಸಾವು ಅಂದಮೇಲೆ ಹೊತ್ತಿಗೆ ಸರಿಯಾಗಿ ಹೊರಡಬೇಕು ಎಂಬುದು ಅವನ ಲೆಕ್ಕ.

"ಇಲ್ಲಿ ಕೂತವರಿಗೆ ಮಾತಾಡೋರ ಮುಖ ಕಾಣಲ್ಲ ಅಣ್ಣ."

"ಮುಖ ಯಾಕಮ್ಮ ಕಾಣಬೇಕು? ಕೇಳಿಸಿದ್ರೆ ಸಾಕು. ಬಾಡಿಗೆ ಕೊಟ್ಟು ಮೈಕ್ ತರಿಸಿದ್ದೀನಿ."

"ನಿಮ್ಮ ಚಿಕ್ಕ ತಂಗಿಗೆ?"

ಅಣ್ಣ ವೈರನ್ನು ಇನ್ನೊಂದು ಸುತ್ತು ಸುತ್ತಿದ. "ಅವಳಿಗೆ ನಾನು ಆಮೇಲೆ ಹೇಳ್ತೀನಿ ಬಿಡು."

ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಚಿಕ್ಕ ತಂಗಿ ಆ ಮಾತನ್ನು ಅವನ ತುಟಿಯ ಮೇಲೆಯೇ ಹಿಡಿದಳು. ಇಡೀ ಬೀದಿ ಅವಳನ್ನು ಕರೆಯುವುದು ಹೊಲಿಗೆಯಕ್ಕ ಎಂದೇ, ಬೀದಿ ತುದಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿದೆ. ಬಾಲ್ಯದಲ್ಲಿ ಬಂದ ಜ್ವರ ಹೋಗುವಾಗ ಎರಡು ಕಿವಿಯನ್ನೂ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಅವಳು ಮಾತನ್ನು ಕಣ್ಣಿನಿಂದ ಕೇಳುತ್ತಾಳೆ, ಬಾಯಿಂದ ಜೋರಾಗಿಯೇ ಆಡುತ್ತಾಳೆ.

"ನೋಡಿದೆ," ಎಂದಳು. "ಆಮೇಲೆ ಹೇಳ್ತೀನಿ ಅಂದೆ. ಅಪ್ಪ ಹೋದಾಗ್ಲೂ ಹಂಗೇ ಅಂದೆ. ಅಮ್ಮ ಹೋದಾಗ್ಲೂ ಅಂದೆ. ಆ ಆಮೇಲೆ ಯಾವಾಗ ಬರುತ್ತೋ ಅಂತ ಕಾಯ್ತಾನೇ ಇದ್ದೀನಿ."

ಅಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಏನೋ ಗೊಣಗುತ್ತ ವೈರು ಬಿಚ್ಚಲು ಹೋದ. ಹೊಲಿಗೆಯಕ್ಕ ಚಿಕ್ಕ ಟೀಚರ್ ಕಡೆಗೆ ತಿರುಗಿದಳು. "ನೀನು ಅಕ್ಕ ಹಾಕ್ತಿದ್ದ ಹಾಗೇ ಕುರ್ಚಿ ಹಾಕು. ಅವನು ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು."

ಅಷ್ಟು ಸಾಕಾಗಿತ್ತು. ಚಿಕ್ಕ ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕುಳ್ಳಗಿದ್ದಾಳೆಂದು ಅವಳನ್ನು ಚಿಕ್ಕ ಟೀಚರ್ ಅನ್ನುತ್ತಿದ್ದರೇ ಹೊರತು ಪಟ್ಟು ಹಿಡಿಯುವುದರಲ್ಲಿ ಅವಳು ಚಿಕ್ಕವಳಲ್ಲ. ಕುರ್ಚಿಗಳನ್ನು ಅರ್ಧ ವೃತ್ತಕ್ಕೆ ತಿರುಗಿಸಿದಳು. ಮಾತಾಡುವವರ ಮೇಜನ್ನು ಕಿಟಕಿಯ ಮುಂದಿನಿಂದ ಎದುರುಗಡೆಯ ಗೋಡೆಗೆ ಎಳೆದಳು. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಕಪ್ಪು ಮುಖದಲ್ಲಿ ತುಟಿ ಕಾಣುವುದಿಲ್ಲ. ಈಗ ಬೆಳಕು ಮಾತಾಡುವವರ ಮೇಲೆ ಬೀಳುತ್ತಿತ್ತು. ಗಾಲಿಕುರ್ಚಿಯಲ್ಲಿ ಬರುವ ಲೆಕ್ಕದ ಮೇಷ್ಟರಿಗೆಂದು ಸಾಲಿನ ನಡುವೆಯೇ ಜಾಗ ಬಿಟ್ಟಳು. ಕೊನೆಗೆ ಒಂದೇ ಒಂದು ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಹಾಲಿನ ನಡುವೆ ಸೂರು ಹೊತ್ತು ನಿಂತಿದ್ದ ದಪ್ಪ ಕಂಬದ ಹಿಂದೆ ಇಟ್ಟಳು. ಅದರ ನೆತ್ತಿಯ ಮೇಲೆ ಹಳೆಯ ಫ್ಯಾನೊಂದು ಗರಗರ ಎನ್ನುತ್ತಿತ್ತು.

"ಅದು ಯಾರಿಗೆ?" ಎಂದಳು ಹೊಲಿಗೆಯಕ್ಕ, ಗೊತ್ತಿದ್ದೂ.

"ಕೊನೇಲಿ ಬರೋರಿಗೆ."

ಹೊಲಿಗೆಯಕ್ಕ ಬೆಳಗಿನಿಂದ ಮೊದಲ ಸಲ ನಕ್ಕಳು.

* * *

ಅದೇ ಕಂಬದ ಹಿಂದೆ ಹಿಂದಿನ ವರ್ಷ ಚಿಕ್ಕ ಟೀಚರ್ ಕೂತಿದ್ದಳು. ಕೆಲಸಕ್ಕೆ ಹೊಸಬಳು, ತರಬೇತಿಯ ಮೊದಲ ದಿನ, ಬಸ್ಸು ತಪ್ಪಿ ಏದುಸಿರು ಬಿಡುತ್ತ ಬಂದಿದ್ದಳು. ಉಳಿದ ಕುರ್ಚಿ ಅದೊಂದೇ. ಸೊಂಟಕ್ಕೆ ಕೈಯಿಟ್ಟು ಪಾಠ ಹೇಳುತ್ತಿದ್ದ, ಕನ್ನಡಕ ಮೂಗಿನ ತುದಿಗೆ ಜಾರಿದ ಒಂದು ಅರ್ಧ ಹೆಂಗಸು ಮಾತ್ರ ಅಲ್ಲಿಂದ ಕಾಣುತ್ತಿತ್ತು. ಇನ್ನರ್ಧ ಕಂಬ. ಫ್ಯಾನಿನ ಗಲಾಟೆಯಲ್ಲಿ ಹತ್ತರಲ್ಲಿ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಪಕ್ಕದವರು ನಕ್ಕಾಗ ಚಿಕ್ಕ ಟೀಚರ್ ನಕ್ಕಳು, ಅವರು ಬರೆದುಕೊಂಡಾಗ ತಾನೂ ಏನೋ ಗೀಚಿದಳು. ಅರ್ಧ ಹೆಂಗಸು ತನ್ನ ಕಡೆ ನೋಡಿದಾಗಲೆಲ್ಲ ಚೆನ್ನಾಗಿ ತಲೆ ಆಡಿಸಿದಳು.

ಒಂದು ಗಂಟೆ ಕಳೆದ ಮೇಲೆ ಅರ್ಧ ಹೆಂಗಸು ಕಂಬ ಸುತ್ತಿಕೊಂಡು ಬಂದು ಇಡಿಯಾಗಿ ಎದುರು ನಿಂತಳು.

"ನಾನು ಏನು ಹೇಳಿದೆ?"

ಚಿಕ್ಕ ಟೀಚರ್ ತಾನು ಗೀಚಿದ್ದ ಹಾಳೆಯ ಮೇಲೆ ಕಣ್ಣಾಡಿಸಿದಳು. "ಅದು... ಎಲ್ಲಾ ಮಕ್ಕಳಿಗೂ... ಸಮಾನವಾಗಿ..."

"ಅದು ಎಲ್ಲಾ ತರಬೇತೀಲೂ ಹೇಳ್ತಾರೆ. ನಾನು ಏನು ಹೇಳಿದೆ?"

ಎಲ್ಲರೂ ತಿರುಗಿ ನೋಡುತ್ತಿದ್ದರು. ಚಿಕ್ಕ ಟೀಚರಿಗೆ ಕೋಪವೂ ಅಳುವೂ ಒಟ್ಟಿಗೇ ಬಂತು. "ನನಗೆ ಕೇಳಿಸ್ಲಿಲ್ಲ. ಕಾಣಿಸ್ಲೂ ಇಲ್ಲ. ಇಲ್ಲಿ ಕೂರಿಸಿದ್ದು ನೀವು, ತಪ್ಪು ನಂದಾ?"

ಕುರ್ಚಿಯಕ್ಕನ ಮುಖ ಅರಳಿತು. "ಅಬ್ಬಾ! ಇದನ್ನ ಬಾಯಿಬಿಟ್ಟು ಹೇಳೋಕೆ ನಿನಗೆ ಒಂದು ಗಂಟೆ ಬೇಕಾಯ್ತು, ನೀನು ಓದಿದವಳು, ಸಂಬಳ ತಗೊಳ್ಳೋಳು. ನಿನ್ನ ಕ್ಲಾಸಲ್ಲಿ ಆರು ವರ್ಷದ ಕೂಸು ಎಷ್ಟು ದಿನಕ್ಕೆ ಹೇಳುತ್ತೆ?" ಅಂದವಳೇ ತಾನೇ ಕುರ್ಚಿ ಎತ್ತಿಕೊಂಡು ಮುಂದಿಟ್ಟಳು. "ಬಾ, ಇಲ್ಲಿ ಕೂತ್ಕೋ. ಈಗ ಮೊದಲಿಂದ ಹೇಳ್ತೀನಿ. ಎಲ್ಲರೂ ಇನ್ನೊಂದು ಸಲ ಕೇಳಿ, ನಷ್ಟ ಇಲ್ಲ."

ಅದು ಅವಳ ಪದ್ಧತಿ. ಪ್ರತಿ ತಂಡಕ್ಕೂ ಒಂದು ಕಂಬದ ಹಿಂದಿನ ಕುರ್ಚಿ, ಒಂದು ಗಂಟೆ, ಆಮೇಲೆ ಮುಂದಕ್ಕೆ ಕರೆದು ಮೊದಲಿಂದ ಪಾಠ. ಒಳಗೊಳ್ಳುವ ಕಲಿಕೆ, ಸಮನ್ವಯ ಶಿಕ್ಷಣ ಎಂದೆಲ್ಲ ಕಚೇರಿಯವರು ಹೆಸರಿಟ್ಟುಕೊಂಡಿದ್ದರು. ಅವಳ ಬಾಯಲ್ಲಿ ಆ ಮಾತುಗಳು ಬಂದದ್ದು ಕಡಿಮೆ. ಮಕ್ಕಳು ಬರುವ ಮುಂಚೆ ಅವರ ಕುರ್ಚಿಯಲ್ಲೆಲ್ಲ ಒಂದು ಸಲ ನೀವು ಕೂರಿ ಎನ್ನುತ್ತಿದ್ದಳು. ಹೊಸ ಟೀಚರುಗಳು ಅವಳಿಗೆ ಕುರ್ಚಿಯಕ್ಕ ಎಂದು ಹೆಸರಿಟ್ಟರು. ಬಡ್ತಿಯ ಕುರ್ಚಿ ಅವಳ ಹತ್ತಿರಕ್ಕೂ ಸುಳಿಯಲಿಲ್ಲವಾದ್ದರಿಂದ ಆ ಹೆಸರಿಗೆ ಅವಳೇ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು. ಹಾಗೆಂದು ಅವಳು ದೇವತೆಯೇನಲ್ಲ. ಕೋಪ ಮೂಗಿನ ತುದಿಯಲ್ಲೇ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಮೇಜಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು, ಎಬ್ಬಿಸಿದವರ ಮೇಲೆ ಹರಿಹಾಯುತ್ತಿದ್ದಳು.

ಮಾರನೆಯ ದಿನ ಚಿಕ್ಕ ಟೀಚರ್ ತನ್ನ ತರಗತಿಯ ಪುಟ್ಟ ಬೆಂಚುಗಳ ಮೇಲೆಲ್ಲ ಮಂಡಿ ಮಡಿಸಿ ಕೂತು ನೋಡಿದಳು. ಬಾಗಿಲ ಪಕ್ಕದ ಬೆಂಚಿಗೆ ಬೋರ್ಡು ಬರೀ ಬಿಳಿ ಹೊಳಪು. ಅಲ್ಲಿ ಕೂರುತ್ತಿದ್ದ ಹುಡುಗಿ ಯಾವತ್ತೂ ತಲೆ ಆಡಿಸುವುದನ್ನು ತಪ್ಪಿಸಿದವಳಲ್ಲ.

* * *

ಜನ ಬರತೊಡಗಿದರು. ಕುರ್ಚಿಯಕ್ಕನ ಮಹಡಿ ಕೋಣೆಯ ಮೆಟ್ಟಿಲು ಕಿರಿದಾಗಿದ್ದರಿಂದ ದೇಹವನ್ನು ಶಾಲೆಗೇ ತಂದದ್ದು ಒಳ್ಳೆಯದಾಯಿತು ಎಂದರು ಎಲ್ಲರೂ. ಹಳೆಯ ತಂಡದವರು, ಹೊಸ ತಂಡದವರು, ಕೆಲವರು ಮಕ್ಕಳನ್ನೂ ಕರೆದುಕೊಂಡು ಬಂದರು. ಮುಂದಿನ ಸಾಲಿನಲ್ಲಿ ಅಣ್ಣ ಮೆತ್ತೆಯ ಕುರ್ಚಿಯೊಂದಕ್ಕೆ ಬಿಳಿ ಟವಲು ಹೊದಿಸಿ ಶಿಕ್ಷಣ ಕಚೇರಿಯ ಸಾಹೇಬರಿಗೆಂದು ಕಾದಿರಿಸಿದ್ದ. ಮಂಡಿನೋವಿನ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ಅದರಲ್ಲೇ ಉಸ್ಸೆಂದು ಕೂತಳು. ಕುರ್ಚಿಯಕ್ಕ ಬಾಡಿಗೆಗಿದ್ದ ಕೋಣೆಯ ಒಡತಿ ಅವಳು.

"ಅಜ್ಜಿ, ಅದು ಸಾಹೇಬ್ರಿಗೆ," ಎಂದ ಅಣ್ಣ.

"ಅವರಿಗೂ ಮಂಡಿನೋವಾ?" ಎಂದಳು ಅಜ್ಜಿ. ಅಲ್ಲಿಗೆ ಆ ಮಾತು ಮುಗಿಯಿತು.

ಸಾಹೇಬರ ಹೆಸರು ಕೇಳುತ್ತಲೇ ಹೊಸ ತಂಡದ ಟೀಚರುಗಳ ಮುಖ ಸಪ್ಪಗಾಯಿತು. ಒಬ್ಬಳು ಚಿಕ್ಕ ಟೀಚರಿನ ಕಿವಿಯ ಹತ್ತಿರ ಬಗ್ಗಿದಳು. "ಸೋಮವಾರದ ತರಬೇತಿ ಇಲ್ವಂತೆ, ನಿಜಾನಾ? ಇವತ್ತೇ ಹೇಳ್ತಾರಂತೆ. ಅಕ್ಕನ ನೆನಪಿಗೆ ವಿಡಿಯೋ ಮಾಡಿಸಿ ಎಲ್ಲರ ಫೋನಿಗೂ ಕಳಿಸ್ತಾರಂತೆ. ಮನೇಲೇ ಕೂತು ನೋಡಿ, ಕೆಳಗೆ ಬಟನ್ ಒತ್ತಿದ್ರೆ ತರಬೇತಿ ಆದ ಹಾಗಂತೆ."

"ನಿಜ," ಎಂದಳು ಚಿಕ್ಕ ಟೀಚರ್.

"ನನ್ನ ಕ್ಲಾಸಲ್ಲಿ ಕಣ್ಣು ಕಾಣದ ಮಗು ಸೇರಿದೆ. ನಾನು ಏನು ಮಾಡ್ಬೇಕು ಅಂತ ಯಾರನ್ನ ಕೇಳ್ಲಿ? ಫೋನನ್ನ ಕೇಳ್ಲಾ?"

ಚಿಕ್ಕ ಟೀಚರ್ ಬಾಗಿಲ ಕಡೆ ನೋಡಿದಳು, ಸಾಹೇಬರು ಇನ್ನೂ ಬಂದಿರಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೆ ಸಹಿ ಹಾಕಬೇಕಾದವರು ಇದೇ ಸಾಹೇಬರು. ಎದುರು ಮಾತಾಡಿದರೆ ತರಬೇತಿಯೂ ಹೋಯಿತು, ಸಂಬಳವೂ ಹೋಯಿತು. ಸುಮ್ಮನಿದ್ದರೆ ಸಂಬಳ ಉಳಿಯುತ್ತದೆ. ಅವಳು ಪೆಟ್ಟಿಗೆಯ ಕಡೆ ನೋಡಿದಳು. ಸುಮ್ಮನಿರಲು ತನ್ನಿಂದ ಆಗುವುದಿಲ್ಲ ಎಂಬುದು ಮಾತ್ರ ಅವಳಿಗೆ ಖಚಿತವಾಗಿತ್ತು, ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ.

* * *

ಸಾಯುವ ಕೆಲವು ದಿನ ಮುಂಚೆ ಆಸ್ಪತ್ರೆಯಲ್ಲಿ ಕುರ್ಚಿಯಕ್ಕ ದಿಂಬಿಗೆ ಒರಗಿ ಕೂತು, ನರ್ಸು ಔಷಧಿಯ ಹೆಸರನ್ನು ಗೋಡೆಗೆ ಹೇಳುತ್ತಿದ್ದಾಳೆಂದು ಚಿಕ್ಕ ಟೀಚರ್ ಎದುರು ಬೈಯುತ್ತಿದ್ದಳು. ಸಾಹೇಬರು ನೋಡಿಕೊಂಡು ಹೋಗಿ ಸ್ವಲ್ಪ ಹೊತ್ತಾಗಿತ್ತು. ವಿಡಿಯೋದ ಸುದ್ದಿಯನ್ನು ಅವರೇ, ದೊಡ್ಡ ಗೌರವವೆಂಬಂತೆ, ಹೇಳಿ ಹೋಗಿದ್ದರು.

"ಕೆಟ್ಟವನಲ್ಲ ಅವನು," ಎಂದಳು ಕುರ್ಚಿಯಕ್ಕ. "ಯಾವಾಗ್ಲೂ ಮುಂದಿನ ಸಾಲಲ್ಲೇ ಕೂತು ಬೆಳೆದವನು, ಅಷ್ಟೇ. ಸೋಮವಾರ ನೀನು ನಡೆಸು."

"ನಾನಾ? ಅಕ್ಕ, ನನ್ನಿಂದ ಆಗಲ್ಲ. ನಿಮ್ಮ ಹಾಗೆ ಮಾತಾಡೋಕೆ ಬರಲ್ಲ ನನಗೆ."

"ಕುರ್ಚಿ ಹಾಕೋಕೆ ಬರುತ್ತಲ್ಲ. ಮೊದಲು ಅದು ಮಾಡು."

"ಸಾಹೇಬ್ರು ಬೇಡ ಅಂದ್ರೆ?"

ಕುರ್ಚಿಯಕ್ಕ ಕಿಟಕಿಯ ಹೊರಗೆ ನೋಡಿದಳು. ಆಮೇಲೆ, ಕೇಳಿದ್ದಕ್ಕೆ ಸಂಬಂಧವೇ ಇಲ್ಲವೆಂಬಂತೆ, ತಂಗಿಯ ಮಾತು ತೆಗೆದಳು. ಜ್ವರದ ನಂತರ ಶಾಲೆಯವರು ಅವಳನ್ನು ದಡ್ಡಿ ಎಂದು ಮನೆಗೆ ಕಳಿಸಿದರಂತೆ. ಅಂದಿನಿಂದ ಅಕ್ಕ ಸಂಜೆ ಶಾಲೆಯಿಂದ ಬಂದವಳೇ ಬೆಳಕಿಗೆ ಮುಖ ಮಾಡಿ ಕೂತು, ಅಂದಿನ ಪಾಠವನ್ನೆಲ್ಲ ತಂಗಿಗೆ ಮೊದಲಿಂದ ಹೇಳುತ್ತಿದ್ದಳಂತೆ. ಅರ್ಥವಾಗದಿದ್ದಾಗ ತಂಗಿ ಮೊದಮೊದಲು ತಲೆ ಆಡಿಸುತ್ತಿದ್ದಳಂತೆ.

"ಒಂದು ದಿನ ಸಿಟ್ಟು ಬಂತು. ಕತ್ತೆಗಳು ಆಕಾಶದಲ್ಲಿ ಗೂಡು ಕಟ್ಟುತ್ತವೆ ಅಂತ ಹೇಳಿದೆ. ಅದಕ್ಕೂ ತಲೆ ಆಡಿಸಿದ್ಲು." ಕುರ್ಚಿಯಕ್ಕ ನಗುತ್ತಿದ್ದಳು, ನಗುವಿಗೆ ಕೆಮ್ಮು ಬಂತು. "ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ವಿ. ಅವತ್ತಿಂದ ಅವಳು ಸುಳ್ಳು ತಲೆ ಆಡಿಸೋದು ಬಿಟ್ಲು, ನಾನು ನಂಬೋದು ಬಿಟ್ಟೆ."

* * *

ಸಾಹೇಬರು ಬಂದಾಗ ಹಾಲು ತುಂಬಿತ್ತು. ಅವರಿಗಿಂತ ಮುಂಚೆ ತಡವಾಗಿ ಬಂದವರನ್ನೆಲ್ಲ ಚಿಕ್ಕ ಟೀಚರ್ ಅಲ್ಲಿ ಇಲ್ಲಿ ಒತ್ತರಿಸಿ ಕೂರಿಸಿದ್ದಳು. ಉಳಿದಿದ್ದು ಒಂದೇ ಕುರ್ಚಿ. ಅಣ್ಣ ಮೆತ್ತೆಯ ಕುರ್ಚಿಯತ್ತ ನೋಡಿದ, ಅಜ್ಜಿ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರು ದೊಡ್ಡ ಮನಸ್ಸಿನಿಂದ ಕೈಯಾಡಿಸಿ, "ಇರ್ಲಿ ಇರ್ಲಿ, ಎಲ್ಲಾದ್ರೇನು," ಎನ್ನುತ್ತ ಕಂಬದ ಹಿಂದೆ ಹೋಗಿ ಕೂತರು.

ಮಾತುಗಳು ಶುರುವಾದವು. ಲೆಕ್ಕದ ಮೇಷ್ಟರು ಗಾಲಿಕುರ್ಚಿಯಲ್ಲಿ ಕೂತೇ ಮಾತಾಡಿದರು. ಇಡೀ ಶಾಲೆ ಮಹಡಿಯಲ್ಲಿ ಸಭೆ ಸೇರಿದಾಗ ಕುರ್ಚಿಯಕ್ಕ ಒಬ್ಬಳೇ ಕೆಳಗಿಳಿದು ಬಂದು, "ಸಭೆ ಇಲ್ಲಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ," ಎಂದು ತಮ್ಮ ಪಕ್ಕ ಕೂತದ್ದನ್ನು ಹೇಳಿದರು. ಹೊಲಿಗೆಯಕ್ಕ ಒಬ್ಬೊಬ್ಬರ ತುಟಿಯನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಗುವ ಕಡೆ ಎಲ್ಲರ ಜೊತೆಗೇ ನಕ್ಕಳು, ಅಳುವ ಕಡೆ ಎಲ್ಲರ ಜೊತೆಗೇ ಅತ್ತಳು. ಅಣ್ಣ ಅದನ್ನು ಓರೆಗಣ್ಣಿನಿಂದ ನೋಡಿದ. ಮನೆಯ ಇಷ್ಟು ಸಾವುಗಳಲ್ಲಿ ತಂಗಿ ಎಲ್ಲರಿಗಿಂತ ತಡವಾಗಿ ಅತ್ತದ್ದು ಅವನಿಗೆ ಆಗ ನೆನಪಾಗಿರಬೇಕು, ಕರವಸ್ತ್ರ ತೆಗೆದು ಮೂಗೊರೆಸಿಕೊಂಡ.

ಚಿಕ್ಕ ಟೀಚರಿನ ಸರದಿ ಬಂತು. ಅವಳಾದ ಮೇಲೆ ಸಾಹೇಬರದು. ಅವರ ಕೈಯಲ್ಲಿದ್ದ ಮಡಿಸಿದ ಹಾಳೆ ಅವಳಿಗೆ ಮೇಜಿನಿಂದಲೇ ಕಾಣುತ್ತಿತ್ತು, ವಿಡಿಯೋದ ಘೋಷಣೆ ಅದರಲ್ಲೇ ಇರಬೇಕು. ಅವಳು ಮೈಕನ್ನು ಪಕ್ಕಕ್ಕಿಟ್ಟಳು. ಮೈಕು ತುಟಿಯನ್ನು ಮರೆಮಾಡುತ್ತದೆಂದು ಕುರ್ಚಿಯಕ್ಕ ಯಾವತ್ತೂ ಅದನ್ನು ಮುಟ್ಟಿದವಳಲ್ಲ. ಹೋದ ವರ್ಷದ ಕುರ್ಚಿಯ ಕತೆ ಹೇಳಿದಳು, ಬಾಗಿಲ ಪಕ್ಕದ ಹುಡುಗಿಯ ಕತೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಕಂಬದ ಕಡೆ ಹೋಯಿತು.

ಕಂಬದಾಚೆ ಅರ್ಧ ಸಾಹೇಬರು ಕಾಣುತ್ತಿದ್ದರು. ಆ ಅರ್ಧ ತಲೆ ನಿಧಾನವಾಗಿ, ಗಂಭೀರವಾಗಿ ಆಡುತ್ತಿತ್ತು. ಅವರ ನೆತ್ತಿಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು.

ಆ ತಲೆಯಾಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಲಿಗೆಯಕ್ಕನಿಗೂ ಗೊತ್ತಿತ್ತು. ಅವಳೂ ಆ ಕಡೆ ತಿರುಗಿ ನೋಡಿದಳು, ಮತ್ತೆ ಚಿಕ್ಕ ಟೀಚರಿನ ಮುಖ ನೋಡಿದಳು, ಹುಬ್ಬೇರಿಸಿದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡಳು ಚಿಕ್ಕ ಟೀಚರ್.

"ಇನ್ನೊಂದು ವಿಷಯ," ಎಂದಳು. "ಸೋಮವಾರದ ತರಬೇತಿ ಇದೇ ಹಾಲಿನಲ್ಲಿ, ಇದೇ ಕುರ್ಚಿಗಳಲ್ಲಿ, ಎಂದಿನ ಹಾಗೆ ನಡೆಯುತ್ತೆ. ಮುಂದಿನ ತಂಡಗಳದ್ದೂ ನಡೆಯುತ್ತೆ. ವಿಡಿಯೋ ಬೇಕಾದವರು ವಿಡಿಯೋನೂ ನೋಡ್ಲಿ. ಆದ್ರೆ ಇದು ನಿಲ್ಲಲ್ಲ. ಸಾಹೇಬ್ರು ಇಲ್ಲೇ ಇದ್ದಾರೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆ ಅಲ್ವಾ ಸಾರ್?"

ನೂರು ತಲೆಗಳು ಕಂಬದ ಕಡೆ ತಿರುಗಿದವು. ತಮ್ಮ ಹೆಸರು ಬಂತೆಂದು ಸಾಹೇಬರಿಗೆ ತಿಳಿಯಿತು. ಹೊಗಳಿರಬೇಕು ಎಂದುಕೊಂಡರೋ ಏನೋ, ಕಂಬದಾಚೆಗೆ ಬಗ್ಗಿ, ಎಲ್ಲರಿಗೂ ಕಾಣುವ ಹಾಗೆ, ದೊಡ್ಡದಾಗಿ ತಲೆ ಆಡಿಸಿದರು. ಒಂದು ಸಲವಲ್ಲ, ಮತ್ತೆ ಮತ್ತೆ ಆಡಿಸಿದರು.

ಹೊಸ ತಂಡದವರಲ್ಲಿ ಯಾರೋ ಚಪ್ಪಾಳೆ ತಟ್ಟಿ, ಸಾವೆಂದು ನೆನಪಾಗಿ ಕೈ ಹಿಡಿದುಕೊಂಡರು. ಹೊಲಿಗೆಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಳುತ್ತಿದ್ದಾಳೆಂದು ಅಜ್ಜಿ ಬೆನ್ನು ಸವರಿದಳು.

ಮಾತಾಡಲು ಮುಂದೆ ಬಂದ ಸಾಹೇಬರ ಕೈಯನ್ನು ಅಣ್ಣ ಎರಡೂ ಕೈಯಲ್ಲಿ ಹಿಡಿದುಕೊಂಡ. "ದೊಡ್ಡ ಉಪಕಾರ ಆಯ್ತು ಸಾಹೇಬ್ರೆ. ನಮ್ಮ ತಂಗಿ ಕೆಲಸ ನಿಲ್ಸಲ್ಲ ಅಂತ ಎಲ್ಲರ ಎದುರು ಒಪ್ಪಿದ್ರಲ್ಲ. ನಾನು ವಿಡಿಯೋ ಅಂತ ಏನೇನೋ ಕೇಳಿದ್ದೆ."

ಸಾಹೇಬರು ಹಾಳೆಯನ್ನು ನೋಡಿದರು, ಚಿಕ್ಕ ಟೀಚರನ್ನು ನೋಡಿದರು, ಎದುರಿಗೆ ತಮ್ಮನ್ನೇ ನೋಡುತ್ತಿದ್ದ ಅಷ್ಟೂ ಮುಖಗಳನ್ನು ನೋಡಿದರು. ಹಾಳೆ ಜೇಬಿಗೆ ಹೋಯಿತು. ದುಃಖದ ಎರಡು ಮಾತಾಡಿ ಅವರು ಮೇಜಿನಿಂದ ಸರಿದರು.

* * *

ಪೆಟ್ಟಿಗೆಯನ್ನು ಗಾಡಿಗೆ ಏರಿಸುವಾಗ ಸಾಹೇಬರು ಚಿಕ್ಕ ಟೀಚರನ್ನು ಬಾಗಿಲ ಪಕ್ಕಕ್ಕೆ ಕರೆದರು. ಕಿವಿ ಕೆಂಪಗಾಗಿತ್ತು.

"ನಾನು ಯಾವಾಗ ಒಪ್ಪಿದೆ?"

"ತಲೆ ಆಡಿಸಿದ್ರಲ್ಲ ಸಾರ್."

"ನನಗೆ ಅಲ್ಲಿ ಒಂದು ಅಕ್ಷರ ಕೇಳಿಸ್ಲಿಲ್ಲ. ನಿನಗೆ ಅದು ಗೊತ್ತಿತ್ತು."

"ಗೊತ್ತಿತ್ತು ಸಾರ್."

"ಇದು ಮೋಸ ಅಲ್ವಾ?"

"ಹೌದು ಸಾರ್," ಎಂದಳು ಚಿಕ್ಕ ಟೀಚರ್. "ನಾವು ದಿನಾ ಕ್ಲಾಸಲ್ಲಿ ಮಾಡೋದು ಇದನ್ನೇ. ಮಕ್ಕಳು ತಲೆ ಆಡಿಸ್ತಾರೆ, ನಾವು ಪಾಠ ಮುಗೀತು ಅಂತ ಬರೀತೀವಿ. ಫೋನಲ್ಲಿ ವಿಡಿಯೋ ನೋಡಿ ಕೆಳಗೆ ಒತ್ತೋದೂ ಇದೇನೇ. ಕೇಳಿಸ್ಲಿಲ್ಲ ಅಂತ ನೀವು ಯಾಕೆ ಹೇಳ್ಲಿಲ್ಲ ಸಾರ್?"

ಸಾಹೇಬರು ಒಳಗಿನ ಕಂಬದ ಕಡೆ ನೋಡಿದರು. "ಎಲ್ಲರೂ ಕೂತಿದ್ರು," ಎಂದರು. "ಮಧ್ಯ ಎದ್ದು ಹೇಗೆ..." ಆಮೇಲೆ ಬೇರೆಯದೇ ಧ್ವನಿಯಲ್ಲಿ, "ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿದೆಯಾ?" ಎಂದರು.

"ಇದೆ ಸಾರ್. ಸೋಮವಾರ ಬನ್ನಿ. ನಿಮಗೆ ಮುಂದೆ ಕುರ್ಚಿ ಹಾಕಿರ್ತೀನಿ, ಮೊದಲಿಂದ ಹೇಳ್ತೀನಿ. ಅಕ್ಕ ಯಾರನ್ನೂ ಒಂದು ಗಂಟೆಗಿಂತ ಜಾಸ್ತಿ ಕಂಬದ ಹಿಂದೆ ಬಿಡ್ತಿರ್ಲಿಲ್ಲ."

ಅವರು ತಿರುಗಿ ಒಳಗೆ ಹೋದರು. ಕನ್ನಡಕ ಮರೆತಿದ್ದೇನೆ ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ಅಣ್ಣ ಹೊತ್ತಾಯಿತು ಹೊತ್ತಾಯಿತು ಎಂದು ಕೂಗುತ್ತಿದ್ದ. ಚಿಕ್ಕ ಟೀಚರ್ ಗಾಡಿ ಹತ್ತಿ ಪೆಟ್ಟಿಗೆಯ ಪಕ್ಕ, ಹೊಲಿಗೆಯಕ್ಕನ ಎದುರು ಕೂತಳು. ಗಾಡಿಯ ಕಿಟಕಿಯಿಂದ ಹಾಲಿನ ತೆರೆದ ಬಾಗಿಲು ನೇರವಾಗಿ ಕಾಣುತ್ತಿತ್ತು. ಅವಳ ಕಣ್ಣು ಅಲ್ಲೇ ನಟ್ಟಿತು.

"ಏನು? ಏನು ನೋಡ್ತಿದ್ದೀಯ?" ಎಂದಳು ಹೊಲಿಗೆಯಕ್ಕ.

ಗಾಡಿ ಚಾಲೂ ಆಗಿತ್ತು. ಆಮೇಲೆ ಎನ್ನುವ ಮಾತು ಚಿಕ್ಕ ಟೀಚರಿನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಬೆಳಕಿನ ಕಡೆಗೆ ಮುಖ ತಿರುಗಿಸಿ, ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು. ಹೊಲಿಗೆಯಕ್ಕ ಅವಳ ತುಟಿಯಿಂದ ಕಣ್ಣು ಕೀಳದೆ ಕೊನೆಯವರೆಗೂ ಕೇಳಿದಳು, ಆಮೇಲೆ ತಾನೂ ಬಗ್ಗಿ ಕಿಟಕಿಯಿಂದ ನೋಡಿದಳು.

ಖಾಲಿ ಹಾಲಿನಲ್ಲಿ ಕಾವಲುಗಾರ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಕಂಬದ ಹಿಂದಿನ ಕುರ್ಚಿಯನ್ನು ಮಾತ್ರ ಅವನಿಗೆ ಎತ್ತಲು ಆಗಿರಲಿಲ್ಲ. ಸಾಹೇಬರು ಅದರಲ್ಲಿ ಮತ್ತೆ ಕೂತಿದ್ದರು. ಕತ್ತನ್ನು ಎಡಕ್ಕೆ ಚಾಚಿ, ಬಲಕ್ಕೆ ಚಾಚಿ, ಯಾರೂ ಇಲ್ಲದ ಮೇಜಿನ ಕಡೆ ನೋಡುತ್ತಿದ್ದರು.